ಒಂದೇ ದಿನ ಮೂರು ಪಂಚರ್: ಸಲ್ಯೂಷನ್ ಡೂಪ್ಲಿಕೇಟಾ, ನನ್ನ ಕೈಯೇ ಸರಿ ಇಲ್ವಾ?

ಮಾರಿಕಣಿವೆ · ಸೋಮವಾರ ರಾತ್ರಿ 9:12

ನಮಸ್ಕಾರ. ಇಲ್ಲಿ ಬರೀ ಓದಿಕೊಂಡು ಇದ್ದವನು, ಮೊದಲ ಸಲ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಆರಕ್ಕೆ ಹಿರಿಯೂರಿನಿಂದ ವಾಣಿವಿಲಾಸ ಸಾಗರದ ಕಡೆ ಹೊರಟೆ. ಸೈಕಲ್ ಹೈಬ್ರಿಡ್, ಟೈರು 700×35, ಬೈಕಿನ ಥರದ ದಪ್ಪ ವಾಲ್ವ್. ಮೊದಲು ಸ್ವಲ್ಪ ದೂರ ಹೈವೇ ಸರ್ವಿಸ್ ರಸ್ತೆ, ಆಮೇಲೆ ಒಳರಸ್ತೆ. ಒಳರಸ್ತೆಗೆ ಇಳಿದು ಎರಡು ಕಿಲೋಮೀಟರ್ ಆಗಿರಲಿಲ್ಲ, ಹಿಂದಿನ ಚಕ್ರ ಮೆತ್ತಗಾಯಿತು. ಬೇಜಾರೇನೂ ಆಗಲಿಲ್ಲ. ನಿಜ ಹೇಳಬೇಕಂದರೆ ಒಳಗೊಳಗೇ ಖುಷಿ. ಪಂಚರ್ ಕಿಟ್ ತಗೊಂಡು ಎಂಟು ತಿಂಗಳಾಗಿತ್ತು, ಬಳಸೋ ಯೋಗವೇ ಬಂದಿರಲಿಲ್ಲ.

ಟೈರು ಒಂದು ಪಕ್ಕ ಬಿಡಿಸಿದೆ. ಟ್ಯೂಬಿಗೆ ಗಾಳಿ ಹೊಡೆದು ಕಿವಿ ಹತ್ತಿರ ಹಿಡಿದೆ, ತೂತು ಸಿಕ್ಕಿತು. ಉಜ್ಜಿ, ಸಲ್ಯೂಷನ್ ಹಚ್ಚಿ, ಪ್ಯಾಚ್ ಹಾಕಿದೆ. ಎಲ್ಲ ಸೇರಿ 20 ನಿಮಿಷ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೇ ಚಕ್ರ, ಅದೇ ಮೆತ್ತಗೆ. ಮತ್ತೆ ಬಿಡಿಸಿ ಮತ್ತೊಂದು ಪ್ಯಾಚ್. ಈ ಸಲ ಬಿಸಿಲು ಏರಿತ್ತು, ಆತುರ ಆತುರವಾಗಿ ಮುಗಿಸಿದೆ. ಇನ್ನೂ ಮೂರು ಕಿಲೋಮೀಟರ್ ಹೋಗಿರಬಹುದು, ಒಂದು ಗುಂಡಿಗೆ ಚಕ್ರ ಇಳಿಯಿತು ನೋಡಿ, ಪುಸ್ ಅಂತ ಒಂದೇ ಏಟಿಗೆ ಎಲ್ಲ ಗಾಳಿ ಹೋಯಿತು. ಅಲ್ಲಿಗೆ ನನ್ನ ತಾಳ್ಮೆಯೂ ಹೋಯಿತು.

ಮರಕ್ಕೆ ಹಳೇ ಟೈರು ನೇತು ಹಾಕಿದ್ದ ಒಂದು ಅಂಗಡಿ ಸಿಕ್ಕಿತು. ಭಾನುವಾರ, ಬಾಗಿಲು ಮುಚ್ಚಿತ್ತು. ಕೊನೆಗೆ ಈರುಳ್ಳಿ ಮೂಟೆ ಹೊತ್ತ ಗೂಡ್ಸ್ ಗಾಡಿಯವರು ಸೈಕಲ್ ಸಮೇತ ಊರಿಗೆ ತಂದು ಬಿಟ್ಟರು.

ನನ್ನ ಪ್ರಶ್ನೆ ಇಷ್ಟೇ: ಈ ಕಿಟ್‌ನಲ್ಲಿ ಬರೋ ಸಲ್ಯೂಷನ್ ಡೂಪ್ಲಿಕೇಟ್ ಇರುತ್ತಾ? ಅಥವಾ ನನಗೇ ಬರಲ್ವಾ?

ಹಳೇ ಪಂಪು · ಸೋಮವಾರ ರಾತ್ರಿ 9:41

ತಮ್ಮಾ, ಸಲ್ಯೂಷನ್ ಹಚ್ಚಿ ಎಷ್ಟು ಹೊತ್ತು ಕಾದೆ? ಅದನ್ನು ಬರೆದೇ ಇಲ್ಲ ನೋಡು.

ನಮ್ಮಪ್ಪನದು ದಾವಣಗೆರೆಯಲ್ಲಿ ಸೈಕಲ್ ಅಂಗಡಿ. ನಾನು ಹತ್ತು ವರ್ಷದವನಿದ್ದಾಗಿಂದ ಎಸ್ಸೆಸ್ಸೆಲ್ಸಿ ಮುಗಿಯೋವರೆಗೆ ಪಂಚರ್ ಹಾಕಿದವನು. ಹೊಸಬರೆಲ್ಲ ಮಾಡೋ ತಪ್ಪು ಒಂದೇ. ಸಲ್ಯೂಷನ್ ಅಂದರೆ ಗೋಂದು ಅಂದುಕೊಳ್ಳುತ್ತಾರೆ. ಹಸಿ ಇದ್ದಾಗಲೇ ಪ್ಯಾಚ್ ಒತ್ತಿ ಹಿಡಿಯುತ್ತಾರೆ. ಕಾಗದ ಅಂಟಿಸೋ ಗೋಂದು ಹಾಗೆ, ಇದು ಹಾಗಲ್ಲ. ಇದರಲ್ಲಿರೋ ದ್ರಾವಕ ಪೂರ್ತಿ ಹಾರಿ ಹೋಗಬೇಕು. ಆಮೇಲೆ ಉಳಿಯೋ ರಬ್ಬರಿನ ಪದರ ಪ್ಯಾಚಿನ ಅಡಿಯ ಪದರದ ಜೊತೆ ಬೆರೆತು ಒಂದಾಗುತ್ತದೆ. ಹಸಿ ಇದ್ದಾಗ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಪ್ಯಾಚ್ ಕೂತ ಹಾಗೆ ಕಾಣುತ್ತದೆ, ಆದರೆ ಗಾಳಿ ತುಂಬಿ ಟ್ಯೂಬು ಬಿಸಿ ಆದ ಮೇಲೆ ಅಂಚಿನಿಂದ ಏಳುತ್ತದೆ.

ಮೊದಲು ತೂತಿನ ಸುತ್ತ ಬಾಲ್‌ಪೆನ್ನಿನಲ್ಲಿ ದೊಡ್ಡದಾಗಿ ಒಂದು ಗುಣಾಕಾರದ ಗುರುತು ಹಾಕಿಕೊ. ತೂತಿನ ಮೇಲೆ ಬರೀ ಚುಕ್ಕೆ ಇಟ್ಟರೆ ಉಜ್ಜುವಾಗ ಚುಕ್ಕೆ ಹೋಗುತ್ತದೆ, ತೂತು ಎಲ್ಲಿತ್ತೋ ಭಗವಂತನಿಗೇ ಗೊತ್ತು. ಆಮೇಲೆ ಗಾಳಿ ಪೂರ್ತಿ ಬಿಡು. ಉಪ್ಪುಕಾಗದದಲ್ಲಿ ಉಜ್ಜು. ಟ್ಯೂಬಿನ ಕರಿ ಹೊಳಪು ಹೋಗಿ ಬೂದು ಬಣ್ಣ ಬರಬೇಕು. ಟ್ಯೂಬಿನ ಉದ್ದಕ್ಕೂ ಒಂದು ಉಬ್ಬು ಗೆರೆ ಇರುತ್ತದೆ ನೋಡು, ಅಚ್ಚಿನ ಗೆರೆ. ತೂತಿನ ಹತ್ತಿರ ಆ ಗೆರೆ ಇದ್ದರೆ ಅದನ್ನು ಪೂರ್ತಿ ಸವೆಸಬೇಕು. ಇಲ್ಲದಿದ್ದರೆ ಗೆರೆಯ ಪಕ್ಕದ ಸಂದಿಯಲ್ಲೇ ಗಾಳಿ ಹೋಗುತ್ತದೆ. ಉಜ್ಜಿದ ಪುಡಿ ಒರೆಸು, ಬೆರಳು ತಾಗಿಸಬೇಡ. ಸಲ್ಯೂಷನ್ ತೆಳ್ಳಗೆ ಹಚ್ಚು, ಪ್ಯಾಚಿಗಿಂತ ಸ್ವಲ್ಪ ಅಗಲ ಇರಲಿ. ಜಾಸ್ತಿ ಸುರಿದರೆ ಗಟ್ಟಿ ಅಂಟುತ್ತದೆ ಅನ್ನೋದು ಸುಳ್ಳು.

ಆಮೇಲೆ ಸುಮ್ನೆ ಕೂತುಕೊ. ಐದು ನಿಮಿಷ. ಊದಬೇಡ, ಬಾಯಿಯ ಗಾಳಿಯಲ್ಲಿ ತೇವ ಇರುತ್ತದೆ. ಹೊಳಪು ಹೋಗಿ ಮಂಕಾದ ಮೇಲೆ ಬೆರಳಿನ ಹಿಂಭಾಗದಿಂದ ಅಂಚಿನಲ್ಲಿ ಮುಟ್ಟಿ ನೋಡು. ಜಿಗುಟು ಇರಬೇಕು, ಬೆರಳಿಗೆ ಬರಬಾರದು. ಆಗ ಪ್ಯಾಚಿನ ಬೆಳ್ಳಿ ಕಾಗದ ಕಿತ್ತು ಕೂರಿಸು. ಒತ್ತೋದು ಮಧ್ಯದಿಂದ ಅಂಚಿನ ಕಡೆಗೆ. ಮೇಲಿನ ತೆಳು ಪ್ಲಾಸ್ಟಿಕ್ ಕೀಳೋ ಹಟ ಬೇಡ, ಅದನ್ನು ಕೀಳೋಕೆ ಹೋಗಿ ಪ್ಯಾಚಿನ ಅಂಚೇ ಎದ್ದು ಬರುತ್ತದೆ. ಇದ್ದರೆ ಇರಲಿ ಪಾಪ.

ಕೆಲವು ಅಂಗಡಿಯಲ್ಲಿ ಸಲ್ಯೂಷನ್ ಬೇಗ ಒಣಗಲಿ ಅಂತ ಬೆಂಕಿಕಡ್ಡಿ ಗೀರುತ್ತಿದ್ದರು. ನಮ್ಮಪ್ಪ ಕಂಡರೆ ಬೆನ್ನಿಗೆ ಬಿಡುತ್ತಿದ್ದರು. ನೀನೂ ಮಾಡಬೇಡ.

ಬ್ರೆವೆ ಹುಚ್ಚ · ಸೋಮವಾರ ರಾತ್ರಿ 10:05

ಪಂಪಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನನಗೆ ಅನುಮಾನ ಬೇರೆ ಕಡೆ.

ಮಾರಿಕಣಿವೆಯವರೇ, ಮೂರು ಪ್ರಶ್ನೆ. ಒಂದು, ತೂತುಗಳು ಟ್ಯೂಬಿನ ಯಾವ ಮುಖದಲ್ಲಿವೆ? ರಸ್ತೆ ಕಡೆಗೋ, ರಿಮ್ಮಿನ ಕಡೆಗೋ? ಎರಡು, ವಾಲ್ವಿನಿಂದ ಎಷ್ಟು ದೂರ? ಮೂರು, ಟೈರಿನ ಒಳಗೆ ಏನು ಸಿಕ್ಕಿತು?

ಮೂರನೆಯದಕ್ಕೆ ನಿಮ್ಮ ಕತೆಯಲ್ಲಿ ಒಂದು ಸಾಲೂ ಇಲ್ಲ. ಮೂರು ಸಲ ಗಾಳಿ ಹೋಗಿದೆ, ಒಂದು ಸಲವೂ ಮುಳ್ಳು ಸಿಕ್ಕ ಸುದ್ದಿ ಇಲ್ಲ. ತೂತು ಮುಚ್ಚಿದ್ದೀರಿ, ತೂತು ಮಾಡಿದವನನ್ನು ಒಳಗೇ ಬಿಟ್ಟು ಬಂದಿದ್ದೀರಾ ಅಂತ ನನ್ನ ಗುಮಾನಿ.

ಮಾರಿಕಣಿವೆ · ಸೋಮವಾರ ರಾತ್ರಿ 10:20

ಪಂಪಣ್ಣ, ಮೊದಲ ಸಲ ಮೂರು ನಿಮಿಷ ಕಾದಿರಬಹುದು. ಎರಡನೇ ಸಲ... ಅರ್ಧ ನಿಮಿಷ. ತಪ್ಪಾಯಿತು.

ಬ್ರೆವೆ ಸರ್, ಟೈರಿನ ಒಳಗೆ ಕೈಯಾಡಿಸಿದೆ. ಏನೂ ಚುಚ್ಚಲಿಲ್ಲ. ನಿಜ ಹೇಳಬೇಕಂದರೆ ಮೊದಲ ಸಲ ಮಾತ್ರ ಆಡಿಸಿದ್ದು, ಅದೂ ಅರ್ಧ ಚಕ್ರ. ಮುಳ್ಳು ಬಿದ್ದು ಹೋಗಿರುತ್ತದೆ ಅಂದುಕೊಂಡೆ. ಟ್ಯೂಬನ್ನು ನಾಳೆ ಬಕೆಟ್‌ಗೆ ಹಾಕಿ ನೋಡಿ ಹೇಳುತ್ತೇನೆ.

ಬ್ರೆವೆ ಹುಚ್ಚ · ಸೋಮವಾರ ರಾತ್ರಿ 10:24

ಟೈರನ್ನು ರಿಮ್ಮಿನಿಂದ ಪೂರ್ತಿ ತೆಗೆಯಬೇಡಿ! ಹೇಗಿದೆಯೋ ಹಾಗೇ ಇರಲಿ. ಟ್ಯೂಬು ಮಾತ್ರ ಎಳೆದುಕೊಳ್ಳಿ. ಯಾಕೆ ಅಂತ ನಾಳೆ ಹೇಳುತ್ತೇನೆ.

ಉಟ್ರೆಕ್ಟ್‌ನ ಕನ್ನಡತಿ · ಮಂಗಳವಾರ ಬೆಳಗಿನ ಜಾವ 1:30

ನೀವೆಲ್ಲ ಮಲಗಿರುತ್ತೀರಿ, ನನಗೆ ಇಲ್ಲಿ ಊಟದ ಹೊತ್ತು ಮುಗಿದಿದೆ ಅಷ್ಟೇ.

ಟೈರು ಒಂದೇ ಪಕ್ಕ ಬಿಡಿಸಿದೆ ಅಂದಿರಲ್ಲ, ಅದು ಓದಿ ಮೈಸೂರಿನ ನೆನಪಾಯಿತು. ನಮ್ಮ ಬೀದಿಯ ಅಂಗಡಿಯವರು ಕರೀ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿದ್ದನ್ನು ನಾನು ನೋಡಿದ್ದೇ ಕಮ್ಮಿ. ಚೈನ್ ಕವರು, ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಎಲ್ಲ ಒಂದೇ ನಟ್ಟಿಗೆ ಜೋತು ಬಿದ್ದಿರುತ್ತದಲ್ಲ, ಬಿಚ್ಚಿದರೆ ಒಂದು ಗಂಟೆ ಕೆಲಸ. ಚಕ್ರ ಅಲ್ಲೇ ಇರಲಿ ಅಂತ ಟ್ಯೂಬು ಮಾತ್ರ ಕರುಳಿನ ಹಾಗೆ ಈಚೆ ಎಳೆದು ಬಾಂಡ್ಲಿ ನೀರಿಗೆ ಅದ್ದುತ್ತಿದ್ದರು. ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲೂ ಊರೊಳಗೆ ಓಡಿಸೋ ಸೈಕಲ್ಲಿಗೆ ಮುಚ್ಚಿದ ಚೈನ್ ಕವರು. ಇಲ್ಲೂ ಅದೇ ಉಪಾಯ. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

ವಾಲ್ವ್ ಕೂಡ ಅದೇ, ನಮ್ಮ ಕರೀ ಸೈಕಲ್ಲಿನದು. ಒಂದು ವ್ಯತ್ಯಾಸ ಏನಂದರೆ ಇಲ್ಲಿ ಈಗ ವಾಲ್‌ಟ್ಯೂಬ್ ಹಾಕೋ ಪಿನ್ನು ಹೆಚ್ಚು ಕಾಣಲ್ಲ, ರಬ್ಬರ್ ತುಂಡು ಬೇಡದ ಪಿನ್ನೇ ಜಾಸ್ತಿ.

ಹಳೇ ಪಂಪು · ಮಂಗಳವಾರ ಬೆಳಿಗ್ಗೆ 6:50

ವಾಲ್‌ಟ್ಯೂಬ್ ಅಂದಿದ್ದು ಒಳ್ಳೇದಾಯಿತು ತಾಯಿ. ಈಗಿನ ಹುಡುಗರಿಗೆ ಅದು ಗೊತ್ತೇ ಇಲ್ಲ. ಕರೀ ಸೈಕಲ್ಲಿನ ಪಿನ್ನಿಗೆ ಎರಡು ಮೂರು ಸೆಂಟಿಮೀಟರ್ ಉದ್ದದ ತೆಳು ರಬ್ಬರ್ ಕೊಳವೆ ತೊಡಿಸಿರುತ್ತಾರೆ. ಪಂಪು ಹೊಡೆದಾಗ ಗಾಳಿ ಅದನ್ನು ಉಬ್ಬಿಸಿಕೊಂಡು ಒಳಗೆ ಹೋಗುತ್ತದೆ. ಒಳಗಿನ ಗಾಳಿ ಅದನ್ನೇ ಒತ್ತಿ ತನಗೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಆ ರಬ್ಬರ್ ಬಿಸಿಲಿಗೆ ಕೊಳೆತರೆ ಗಾಳಿ ನಿಲ್ಲಲ್ಲ, ಜನ ಪಂಚರ್ ಅಂತ ಬರುತ್ತಾರೆ. ನಮ್ಮ ಅಂಗಡಿಯಲ್ಲಿ ಮೊದಲ ಕೆಲಸ ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡೋದು. ಗುಳ್ಳೆ ಬಂದರೆ ಟೈರು ಮುಟ್ಟೋದೇ ಬೇಡ.

ಬೈಕ್ ಥರದ ದಪ್ಪ ವಾಲ್ವಿಗೂ ಈ ಪರೀಕ್ಷೆ ನಡೆಯುತ್ತದೆ. ಒಳಗಿನ ಪಿನ್ನು ಸಡಿಲ ಆಗಿದ್ದರೂ ಗಾಳಿ ಹೋಗುತ್ತದೆ. ಆದರೆ ವಾಲ್ವಿನ ಬುಡದಲ್ಲೇ ಟ್ಯೂಬು ಸೀಳಿದ್ದರೆ ಪ್ಯಾಚ್ ಕೆಲಸ ಮಾಡಲ್ಲ. ಆ ಟ್ಯೂಬು ಇನ್ನು ಕ್ಯಾರಿಯರ್‌ಗೆ ಹಗ್ಗ ಅಷ್ಟೇ.

ನಿವೃತ್ತ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 8:15

20 ನಿಮಿಷ ಹೋಯಿತು ಅಂತ ಕೊರಗಬೇಡಿ. ಡನ್‌ಲಪ್ ಎಂಬ ದನದ ಡಾಕ್ಟರು ಬೆಲ್‌ಫಾಸ್ಟ್‌ನಲ್ಲಿ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ಟೈರು ಕಟ್ಟಿ 1888ರಲ್ಲಿ ಪೇಟೆಂಟ್ ಪಡೆದರು. ಆಗ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಮರುವರ್ಷ ಫ್ರಾನ್ಸಿನ ಮಿಷೆಲಿನ್ ಸೋದರರ ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಪಂಚರ್ ಆದ ಟೈರು ತಂದ. ರಿಪೇರಿಗೆ ತಾಸುಗಟ್ಟಲೆ ಹಿಡಿಯಿತು, ಅಂಟು ಒಣಗಲು ರಾತ್ರಿಯಿಡೀ ಬಿಡಬೇಕಾಯಿತು. ಇಷ್ಟಾಗಿ ಬೆಳಿಗ್ಗೆ ಓಡಿಸಿದರೆ ಸ್ವಲ್ಪ ಹೊತ್ತಿಗೇ ಮತ್ತೆ ಗಾಳಿ ಹೋಯಿತು. ಆ ಸಂಕಟದಿಂದಲೇ 1891ರಲ್ಲಿ ಬಿಚ್ಚಿ ಹಾಕಬಹುದಾದ ಟೈರು ಬಂದಿದ್ದು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರೋ 1,200 ಕಿ.ಮೀ. ಪಂದ್ಯವನ್ನು ಷಾರ್ಲ್ ತೆರೋಂ ಆ ಟೈರಿನ ಮೇಲೇ ಗೆದ್ದ.

ಇನ್ನು ನನ್ನ ಅನುಭವ. ನಾನು ಕೊಪ್ಪಳದ ಕಡೆ ಹೈಸ್ಕೂಲಿನಲ್ಲಿದ್ದೆ. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರದ ಸೈಕಲ್ ಬಂತು. ಮಕ್ಕಳ ಖುಷಿ ಹೇಳತೀರದು. ಒಂದು ವಾರಕ್ಕೇ ಪಂಚರ್ ಶುರು. ನಮ್ಮ ಕಡೆ ನೆಗ್ಗಿಲು ಮುಳ್ಳು ಜಾಸ್ತಿ. ನೆಲಕ್ಕೆ ಹಬ್ಬಿದ ಬಳ್ಳಿ, ಚಿಕ್ಕ ಹಳದಿ ಹೂವು, ನೋಡಲು ಪಾಪದ ಗಿಡ. ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಊರಿಗೆ ಹತ್ತಿರ ಪಂಚರ್ ಅಂಗಡಿ ಏಳು ಕಿಲೋಮೀಟರ್ ದೂರ. ಕೊನೆಗೆ ಪಿ.ಟಿ. ಪಿರಿಯಡ್ಡಿನಲ್ಲಿ ಪಂಚರ್ ಹಾಕೋದನ್ನೇ ಕಲಿಸಿದೆವು. ಹಳೇ ಟ್ಯೂಬು ಕತ್ತರಿಸಿ ಪ್ಯಾಚ್, ಕುಡಿಯೋ ನೀರಿನ ತೊಟ್ಟಿಯ ಪಕ್ಕ ಒಂದು ಬಾಂಡ್ಲಿ. ಹುಡುಗರಿಗಿಂತ ಹುಡುಗಿಯರು ಚೆನ್ನಾಗಿ ಕಲಿತರು. ಹುಡುಗರು ಕಾಯಲ್ಲ, ಅದೇ ರೋಗ.

ನೀರು ಸಿಗದಾಗ ತೂತು ಹುಡುಕೋದನ್ನು ಒಬ್ಬ ಹುಡುಗಿಯೇ ನನಗೆ ಕಲಿಸಿದ್ದು. ಟ್ಯೂಬಿಗೆ ಮಾಮೂಲಿಗಿಂತ ದಪ್ಪ ಆಗುವಷ್ಟು ಗಾಳಿ ಹೊಡೆದು, ತುಟಿ ಒದ್ದೆ ಮಾಡಿಕೊಂಡು ಅದರ ಹತ್ತಿರ ನಿಧಾನಕ್ಕೆ ಸುತ್ತಿಸೋದು. ಕಿವಿಗೆ ಕೇಳದ ಗಾಳಿ ಒದ್ದೆ ತುಟಿಗೆ ತಣ್ಣಗೆ ತಾಗುತ್ತದೆ. ರಸ್ತೆ ಪಕ್ಕ ಲಾರಿ ಸದ್ದಿನಲ್ಲಿ ಕಿವಿ ಕೆಲಸಕ್ಕೆ ಬರಲ್ಲ, ಇದು ಬರುತ್ತದೆ.

ಬ್ರೆವೆ ಹುಚ್ಚ · ಮಂಗಳವಾರ ಬೆಳಿಗ್ಗೆ 9:02

ಮೇಷ್ಟ್ರೇ, ಆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಈಗಲೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಪಂದ್ಯ ಅಲ್ಲ, 90 ಗಂಟೆಯೊಳಗೆ ಮುಗಿಸಬೇಕು ಅಷ್ಟೇ. 2023ರಲ್ಲಿ ನಡೆಯಿತು. ನಮ್ಮ ದೇಶದಿಂದಲೂ ಹೋಗಿದ್ದರು. ನನ್ನ ಕನಸೂ ಅದೇ. ಸದ್ಯಕ್ಕೆ 200 ಕಿ.ಮೀ. ಬ್ರೆವೆ, ಅಂದರೆ ಗೊತ್ತು ಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ಅದನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸೋದೇ ದೊಡ್ಡದು. ಅಲ್ಲಿ ದಾರಿ ಮಧ್ಯೆ ನಮ್ಮವರು ಕಾರಿನಲ್ಲಿ ಬಂದು ಸಹಾಯ ಮಾಡೋ ಹಾಗಿಲ್ಲ. ಕೈಗೆ ಮಸಿ ಮಾಡಿಕೊಳ್ಳಲೇಬೇಕು.

ಅದಕ್ಕೇ ನನ್ನ ಮಾತು ಬೇರೆ: ರಸ್ತೆಯಲ್ಲಿ ಪ್ಯಾಚ್ ಹಾಕಲೇಬೇಡಿ. ಸ್ಪೇರ್ ಟ್ಯೂಬು ಇಟ್ಟುಕೊಳ್ಳಿ, ಬದಲಾಯಿಸಿ, ಹೊರಡಿ. ತೂತಾದ ಟ್ಯೂಬಿಗೆ ಮನೆಯಲ್ಲಿ ಕೂತು ಪ್ಯಾಚ್ ಹಾಕಿ.

ಹಳೇ ಪಂಪು · ಮಂಗಳವಾರ ಬೆಳಿಗ್ಗೆ 9:20

ಎರಡನೇ ಪಂಚರ್‌ಗೆ ಏನು ಮಾಡುತ್ತೀ? ಮೂರನೇದಕ್ಕೆ? ಬೆನ್ನಿಗೆ ಟ್ಯೂಬಿನ ಮೂಟೆ ಕಟ್ಟಿಕೊಂಡು ಹೋಗುತ್ತೀಯಾ?

ಘಟ್ಟದ ಕೆಳಗಿನವ · ಮಂಗಳವಾರ ಬೆಳಿಗ್ಗೆ 10:10

ಜಗಳ ಬೇಡ ಮಾರಾಯ್ರೆ, ಎರಡೂ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಪ್ಯಾಚ್ ಅನ್ನೋದು ಮರೆತುಬಿಡಿ. ಆಗುಂಬೆ ಘಾಟಿಯಲ್ಲಿ ಒಂದು ಸಲ ಅರ್ಧ ಗಂಟೆ ಟ್ಯೂಬು ಒರೆಸಿದ್ದೇನೆ. ಒರೆಸೋ ಬಟ್ಟೆಯೇ ಒದ್ದೆ, ಕೈ ಒದ್ದೆ, ಗಾಳಿಯೇ ಒದ್ದೆ. ಒದ್ದೆ ರಬ್ಬರಿಗೆ ಸಲ್ಯೂಷನ್ ಹಿಡಿಯಲ್ಲ. ಸ್ಪೇರ್ ಟ್ಯೂಬು ಇದ್ದಿದ್ದಕ್ಕೆ ಬಚಾವಾದೆ.

ಅವತ್ತು ಟೈರೂ ಕಲ್ಲಿಗೆ ಸೀಳಿತ್ತು, ಉಗುರಿನಷ್ಟು ಉದ್ದ. ಹಾಗೇ ಗಾಳಿ ಹೊಡೆದರೆ ಟ್ಯೂಬು ಆ ಸೀಳಿನಲ್ಲಿ ಗುಳ್ಳೆಯ ಹಾಗೆ ಈಚೆ ಬಂದು ಒಡೆಯುತ್ತದೆ. ಹಾಲಿನ ಪ್ಯಾಕೆಟ್ಟಿನ ಕವರು ನಾಲ್ಕು ಮಡಿಕೆ ಮಾಡಿ ಒಳಗಿಟ್ಟೆ. ಮನೆ ಸೇರಿಸಿತು. ಟೂತ್‌ಪೇಸ್ಟ್ ಟ್ಯೂಬು ಕತ್ತರಿಸಿದ ತುಂಡು ಇನ್ನೂ ಗಟ್ಟಿ, ಈಗ ಕಿಟ್ಟಿನಲ್ಲಿ ಅದೇ ಇಟ್ಟಿದ್ದೇನೆ. ನೋಟು ಮಡಚಿ ಇಡೋರೂ ಇದ್ದಾರೆ. ನಮ್ಮ ನೋಟು ಹತ್ತಿಯದು, ಬೇಗ ಹರಿಯಲ್ಲ. ಹತ್ತು ರೂಪಾಯಿಯದಾದರೆ ಓಕೆ, ಐನೂರರದ್ದು ಇಡೋ ಧೈರ್ಯ ನನಗಿಲ್ಲ.

ಇನ್ನೊಂದು. ಸ್ಪೇರ್ ಟ್ಯೂಬು ತಗೊಳ್ಳುವಾಗ ಟೈರಿನ ಪಕ್ಕ ಬರೆದ ಅಳತೆ ನೋಡಿ. 26 ಇಂಚು ಅಂತ ಕೇಳಿ ತಂದರೆ ಬೇರೆಯೇ ಬರಬಹುದು. ಎಂಟಿಬಿಯ (ಮೌಂಟನ್ ಬೈಕಿನ) 26ಕ್ಕೆ ರಿಮ್ಮಿನ ಅಳತೆ 559 ಮಿ.ಮೀ., ಹಳೇ ಲೇಡೀಸ್ ಸೈಕಲ್ಲಿನ ಒಂದು ಜಾತಿಯ 26ಕ್ಕೆ 590. ನಮ್ಮ ಕರೀ ಸೈಕಲ್ಲಿನ 28 ಇಂಚಿನದು 635, ಗೇರ್ ಸೈಕಲ್ಲಿನ 700 ಅಂದರೆ 622. ಟ್ಯೂಬು ಸ್ವಲ್ಪ ಎಳೆದರೆ ಹೊಂದಿಕೊಳ್ಳುತ್ತದೆ, ಟೈರು ಮಾತ್ರ ಒಂದಿಷ್ಟೂ ರಾಜಿ ಆಗಲ್ಲ.

ಮಾರಿಕಣಿವೆ · ಮಂಗಳವಾರ ರಾತ್ರಿ 8:30

ಬಕೆಟ್ ವರದಿ.

ಮೊದಲ ಪ್ಯಾಚ್: ಒಂದು ಗುಳ್ಳೆಯೂ ಇಲ್ಲ. ನಾನೇ ಹಾಕಿದ್ದು ಅಂತ ಹೆಂಡತಿಗೆ ಕರೆದು ತೋರಿಸಿದೆ.

ಎರಡನೇ ಪ್ಯಾಚ್: ಒಂದು ಮೂಲೆಯಿಂದ ಸಾಸಿವೆ ಗಾತ್ರದ ಗುಳ್ಳೆ ಆಗೊಂದು ಈಗೊಂದು. ಪಂಪಣ್ಣ ಹೇಳಿದ ಹಾಗೇ ಅಂಚು ಎದ್ದಿದೆ.

ಮೂರನೆಯದು: ಒಂದಲ್ಲ, ಎರಡು ತೂತು! ರಿಮ್ಮಿನ ಕಡೆ ಮುಖದಲ್ಲಿ, ಅಕ್ಕಪಕ್ಕ, ಮಧ್ಯೆ ಒಂದು ಸೆಂಟಿಮೀಟರ್ ಅಂತರ. ಚಿಕ್ಕ ಸೀಳಿನ ಹಾಗಿವೆ.

ಅಳತೆಯನ್ನೂ ತೆಗೆದೆ. ಟ್ಯೂಬು ನೆಲದ ಮೇಲೆ ಹರಡಿಕೊಂಡರೆ ಮೊದಲ ತೂತು ವಾಲ್ವಿನಿಂದ ಎಡಕ್ಕೆ 46 ಸೆಂ.ಮೀ. ಎರಡನೆಯದು ಬಲಕ್ಕೆ 47 ಸೆಂ.ಮೀ. ಎರಡೂ ರಸ್ತೆ ಕಡೆ ಮುಖದಲ್ಲಿ. ಅಂದರೆ ಬೇರೆ ಬೇರೆ ಮುಳ್ಳು ಅಂತ ಆಯಿತಲ್ಲ?

ಬ್ರೆವೆ ಹುಚ್ಚ · ಮಂಗಳವಾರ ರಾತ್ರಿ 8:52

ಇಲ್ಲ ಗುರುವೇ! ಒಂದೇ ಮುಳ್ಳು!

ಮೊದಲ ಪ್ಯಾಚ್ ಹಾಕಿದ ಮೇಲೆ ಟ್ಯೂಬನ್ನು ತಿರುಗಿಸಿ ಒಳಗೆ ಹಾಕಿದ್ದೀರಿ. ಎಡಮಗ್ಗುಲು ಬಲಕ್ಕೆ ಬಂತು. ಟೈರಿನಲ್ಲಿ ಕೂತವನು ಅಲ್ಲೇ ಇದ್ದಾನೆ, ವಾಲ್ವಿನಿಂದ 46 ಸೆಂ.ಮೀ. ದೂರದಲ್ಲಿ. ಟ್ಯೂಬು ತಿರುಗಿದ್ದಕ್ಕೆ ಅವನು ಈ ಸಲ ಇನ್ನೊಂದು ಮಗ್ಗುಲಿಗೆ ಚುಚ್ಚಿದ. ಒಂದು ಸೆಂಟಿಮೀಟರ್ ವ್ಯತ್ಯಾಸ ಟ್ಯೂಬು ಎಳೆದಾಟಕ್ಕೆ ಸಹಜ. ಟೈರು ಪೂರ್ತಿ ತೆಗೆಯಬೇಡಿ ಅಂದಿದ್ದು ಇದಕ್ಕೇ. ಈಗ ರಿಮ್ಮಿನ ವಾಲ್ವ್ ತೂತಿನಿಂದ ಎರಡೂ ಕಡೆಗೆ 46 ಅಳೆದು ಆ ಎರಡು ಜಾಗ ಮಾತ್ರ ಹುಡುಕಿದರೆ ಸಾಕು.

ಕೈಗೆ ಯಾಕೆ ಸಿಗಲಿಲ್ಲ? ನನ್ನ ಊಹೆ ತಂತಿ. ನೀವು ಸರ್ವಿಸ್ ರಸ್ತೆಯಲ್ಲಿ ಬಂದಿದ್ದೀರಿ. ಲಾರಿ ಟೈರು ಸಿಡಿದ ಮೇಲೆ ಅದರೊಳಗಿನ ಉಕ್ಕಿನ ತಂತಿ ಎಳೆ ಎಳೆಯಾಗಿ ರಸ್ತೆ ಅಂಚಿನಲ್ಲಿ ಬಿದ್ದಿರುತ್ತದೆ. ಕೂದಲಿನಷ್ಟು ಸಣ್ಣ. ಗಾಳಿ ಇಲ್ಲದಾಗ ಟೈರಿನೊಳಗೆ ಅಡಗಿಕೊಳ್ಳುತ್ತದೆ, ನಿಮ್ಮ ಭಾರ ಬಿದ್ದಾಗ ತಲೆ ಎತ್ತುತ್ತದೆ. ಬೆರಳಿಗೆ ಸಿಗಲ್ಲ, ಸಿಕ್ಕರೂ ಬೆರಳೇ ಕುಯ್ಯುತ್ತದೆ. ಹತ್ತಿ ತಗೊಂಡು ಒಳಗೆ ನಿಧಾನಕ್ಕೆ ಉಜ್ಜಿ, ಎರಡೂ ದಿಕ್ಕಿಗೆ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇದ್ದಾನೆ.

ಮೂರನೆಯದು ಹಾವು ಕಚ್ಚಿದ್ದು. ಎರಡು ಹಲ್ಲಿನ ಗುರುತು ಅಂದಿರಲ್ಲ, ಅದೇ. ಗಾಳಿ ಕಮ್ಮಿ ಇದ್ದರೆ ಗುಂಡಿಗೆ ಬಿದ್ದಾಗ ಟೈರು ಪೂರ್ತಿ ಅಪ್ಪಚ್ಚಿ ಆಗಿ, ಟ್ಯೂಬು ರಿಮ್ಮಿನ ಎರಡು ಅಂಚಿಗೂ ನೆಲಕ್ಕೂ ಮಧ್ಯೆ ಸಿಕ್ಕಿ ಎರಡು ಕಡೆ ಹರಿಯುತ್ತದೆ. ಪಂಪು ಯಾವುದು? ಎಷ್ಟು ಹೊಡೆದಿರಿ? ನಿಮ್ಮ ತೂಕ ಎಷ್ಟು?

ಮಾರಿಕಣಿವೆ · ಮಂಗಳವಾರ ರಾತ್ರಿ 9:05

ಪಂಪು ಗೇಣುದ್ದದ್ದು. ಎರಡನೇ ಸಲ ಅರವತ್ತೋ ಎಪ್ಪತ್ತೋ ಹೊಡೆದು ಕೈ ಸೋತು ಬಿಟ್ಟೆ. ತೂಕ 84, ಬ್ಯಾಗು ಬೇರೆ. ಟೈರಿನ ಮೇಲೆ ಗಾಳಿಯ ಒತ್ತಡ ಕನಿಷ್ಠ 50 ಪಿಎಸ್‌ಐ ಅಂತ ಬರೆದಿದೆ, ಈಗ ನೋಡಿದೆ.

ಬ್ರೆವೆ ಹುಚ್ಚ · ಮಂಗಳವಾರ ರಾತ್ರಿ 9:11

ಎಪ್ಪತ್ತಕ್ಕೆ 50 ಬರಲ್ಲ ಬಿಡಿ. ಗೇಣು ಪಂಪಿನಲ್ಲಿ ಇನ್ನೂರು ಮುನ್ನೂರು ಎಣಿಸಬೇಕು. ಕಾಲಲ್ಲಿ ಒತ್ತಿ ಹಿಡಿದು ನಿಂತು ಹೊಡೆಯೋ ಚಿಕ್ಕ ಪಂಪು ಬರುತ್ತದೆ, ಸ್ವಲ್ಪ ಭಾರ, ಆದರೆ ಕೈ ಉಳಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ನನ್ನ ಹತ್ತಿರ ಇದೆ, ಕ್ಷಣದಲ್ಲಿ ತುಂಬುತ್ತದೆ. ಆದರೆ ಆ ಗ್ಯಾಸು ಟ್ಯೂಬಿನ ರಬ್ಬರಿನೊಳಗಿಂದಲೇ ಬೇಗ ಸೋರುತ್ತದೆ. ಮಾರನೇ ದಿನ ಚಕ್ರ ಮೆತ್ತಗಿದ್ದರೆ ಮತ್ತೆ ಪಂಚರ್ ಅಂತ ಗಾಬರಿ ಆಗಬೇಡಿ. ಮನೆಗೆ ಬಂದು ಅದನ್ನು ಬಿಟ್ಟು ಮಾಮೂಲಿ ಗಾಳಿ ತುಂಬಿ.

ಹಳೇ ಪಂಪು · ಮಂಗಳವಾರ ರಾತ್ರಿ 9:30

ಮತ್ತೆ ಹಾಕುವಾಗ ಒಂದು ಎಚ್ಚರ ತಮ್ಮಾ. ಟ್ಯೂಬಿಗೆ ಮೊದಲು ಒಂದೆರಡು ಪಂಪು ಗಾಳಿ ಹೊಡೆದು ದುಂಡಗೆ ಮಾಡಿಕೊ, ಆಗ ಮಡಚಿಕೊಳ್ಳಲ್ಲ. ಟೈರಿನ ಅಂಚು ಕೂರಿಸೋದನ್ನು ವಾಲ್ವಿನ ಎದುರು ಕಡೆಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸು. ಕೊನೆಗೆ ಗಟ್ಟಿಯಾದಾಗ ಸ್ಕ್ರೂಡ್ರೈವರ್ ತಗೊಳ್ಳಬೇಡ, ಹೊಸ ತೂತು ಅಲ್ಲೇ ಹುಟ್ಟುತ್ತದೆ. ಎದುರು ಕಡೆ ಟೈರಿನ ಅಂಚನ್ನು ರಿಮ್ಮಿನ ನಡುವಿನ ಹಳ್ಳಕ್ಕೆ ಹಿಂಡಿಕೊಂಡು ಬಂದರೆ ಈ ಕಡೆ ಸಡಿಲ ಸಿಗುತ್ತದೆ, ಹೆಬ್ಬೆರಳಲ್ಲೇ ಏರುತ್ತದೆ. ಆಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡು, ಅದರ ಬುಡ ಟೈರಿನ ಅಂಚಿನ ಕೆಳಗೆ ಸಿಕ್ಕಿರುತ್ತದೆ. ಸುತ್ತಲೂ ಟೈರು ಸರಿಸಿ ಟ್ಯೂಬು ಎಲ್ಲೂ ಇಣುಕುತ್ತಿಲ್ಲ ಅಂತ ನೋಡಿ ಪಂಪು ಹೊಡಿ.

ಒಮ್ಮೆ ಓಪನ್ ಮಾಡಿದ ಸಲ್ಯೂಷನ್ ನಂಬಿಕೊಂಡು ದೂರ ಹೋಗಬೇಡ. ಮುಚ್ಚಳ ಎಷ್ಟು ಗಟ್ಟಿ ಹಾಕಿದರೂ ಕೆಲವು ತಿಂಗಳಿಗೆ ಒಣಗಿ ಹೋಗುತ್ತದೆ. ಚಿಕ್ಕದೊಂದು ಹೊಸದು ಇಟ್ಟುಕೊ.

ನಿವೃತ್ತ ಮೇಷ್ಟ್ರು · ಬುಧವಾರ ಬೆಳಿಗ್ಗೆ 7:40

ಏನೂ ಇಲ್ಲದಾಗಿನ ಉಪಾಯವೂ ಇರಲಿ. ತೂತಿರೋ ಜಾಗದಲ್ಲಿ ಟ್ಯೂಬನ್ನು ಮಡಚಿ ದಾರದಿಂದ ಬಿಗಿಯಾಗಿ ಕಟ್ಟಿದರೆ ಆ ತುಂಡು ಬಿಟ್ಟು ಉಳಿದದ್ದಕ್ಕೆ ಗಾಳಿ ನಿಲ್ಲುತ್ತದೆ. ಚಕ್ರ ಒಂದು ಸುತ್ತಿಗೆ ಒಂದು ಸಲ ಕುಪ್ಪಳಿಸುತ್ತದೆ, ಪರವಾಗಿಲ್ಲ. ಅದೂ ಆಗದಿದ್ದರೆ ಟೈರಿನೊಳಗೆ ಒಣಹುಲ್ಲು ಗಿಡಿದು ತುಂಬಬೇಕು. ನನ್ನ ವಿದ್ಯಾರ್ಥಿಯೊಬ್ಬ ಬಣವೆಯ ಹುಲ್ಲು ತುಂಬಿಕೊಂಡು ಪರೀಕ್ಷೆಗೆ ಬಂದಿದ್ದ. ತಡವಾಗಲಿಲ್ಲ.

ಮಾರಿಕಣಿವೆ · ಬುಧವಾರ ರಾತ್ರಿ 8:15

ಸಿಕ್ಕಿತು!!

ಬಲಕ್ಕೆ 46ರಲ್ಲಿ ಹತ್ತಿ ಸುಮ್ನೆ ಜಾರಿತು. ಎಡಕ್ಕೆ ಅಳೆದು ಉಜ್ಜಿದೆ, ಒಂದು ಎಳೆ ಟಕ್ ಅಂತ ನಿಂತಿತು. ಮೊಬೈಲ್ ಬೆಳಕು ಹಾಕಿದರೂ ಕಣ್ಣಿಗೆ ಕಾಣಲಿಲ್ಲ. ಟೈರು ಬಗ್ಗಿಸಿ ಹಿಡಿದಾಗ ಚೂರು ಮಿನುಗಿತು. ನೇಲ್ ಕಟ್ಟರ್‌ಗೆ ಸಿಗಲಿಲ್ಲ. ನಮ್ಮಜ್ಜ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ ಮುಳ್ಳು ಕೀಳೋ ಚಿಮಟ ದೇವರ ಮನೆಯ ಡಬ್ಬಿಯಲ್ಲಿತ್ತು, ಅದರಲ್ಲಿ ಹಿಡಿದು ಎಳೆದೆ. ನಾಲ್ಕು ಮಿಲಿಮೀಟರ್ ಇರಬಹುದು. ಉಕ್ಕಿನ ತಂತಿ. ಸುಮ್ನೆ ಬಳ್ಳಾರಿ ಜಾಲಿಯನ್ನು ಬೈದುಕೊಂಡಿದ್ದೆ.

ಇನ್ನೊಂದು ತಮಾಷೆ. ಎರಡನೇ ಪ್ಯಾಚಿನ ಮೇಲೆ ನಡುಮಧ್ಯೆ ಒಂದು ಚುಕ್ಕೆ ಕುಳಿ ಇದೆ. ಆ ಸಲ ಟ್ಯೂಬು ತಿರುಗಿಸದೆ ಹಾಕಿದ್ದೆ ಅಂತ ಕಾಣುತ್ತದೆ, ಪ್ಯಾಚೇ ಸರಿಯಾಗಿ ತಂತಿಯ ಮೇಲೆ ಕೂತಿತ್ತು. ಅದಕ್ಕೇ ತಂತಿಯಿಂದ ಮೂರನೇ ತೂತು ಆಗಲಿಲ್ಲ. ಅಷ್ಟರೊಳಗೆ ಹಾವು ಕಚ್ಚಿತು.

ಎರಡನೇ ಪ್ಯಾಚ್ ಕಿತ್ತು ಮತ್ತೆ ಹಾಕಿದೆ. ಹಾವಿನ ಎರಡು ಹಲ್ಲಿಗೂ ಸೇರಿಸಿ ಒಂದು ದೊಡ್ಡ ಪ್ಯಾಚ್. ಐದು ನಿಮಿಷ ಗಡಿಯಾರ ನೋಡಿಕೊಂಡು ಕಾದೆ ಪಂಪಣ್ಣ, ಆಣೆ.

ಉಟ್ರೆಕ್ಟ್‌ನ ಕನ್ನಡತಿ · ಬುಧವಾರ ರಾತ್ರಿ 11:50

ಚಿಮಟ ದೇವರ ಮನೆಗೆ ಬಂದದ್ದು ಹೇಗೆ?

ಮಾರಿಕಣಿವೆ · ಗುರುವಾರ ಬೆಳಿಗ್ಗೆ 6:30

ಅಜ್ಜನದು ಅಂತ ಅಜ್ಜಿ ಇಟ್ಟಿದ್ದು ಅಕ್ಕ. ಈಗ ಟೂಲ್ ಕಿಟ್ಟಿಗೆ ಬೇಕು ಅಂದರೆ ಅಮ್ಮ ಕೊಡುತ್ತಿಲ್ಲ.

ಮಾರಿಕಣಿವೆ · ಭಾನುವಾರ ಮಧ್ಯಾಹ್ನ 2:10

ಇವತ್ತು ಹೋಗಿ ಬಂದೆ. ಪಂಚರ್ ಇಲ್ಲ. ಸ್ಪೇರ್ ಟ್ಯೂಬೂ ಇತ್ತು, ಕಿಟ್ಟೂ ಇತ್ತು, ಹತ್ತಿ ಉಂಡೆಯೂ ಇತ್ತು. ಡ್ಯಾಮಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದೆ.

ವಾಪಸ್ ಬರುವಾಗ ಒಬ್ಬ ಹುಡುಗ ಕರೀ ಸೈಕಲ್ ತಳ್ಳಿಕೊಂಡು ಬರುತ್ತಿದ್ದ, ಕ್ಯಾರಿಯರ್ ಮೇಲೆ ಮೇವಿನ ಹೊರೆ. ಪಂಚರ್ ಅಂದ. ನಾನು ಹುಮ್ಮಸ್ಸಿನಲ್ಲಿ ಕಿಟ್ ಬಿಚ್ಚಿದೆ. ಆಮೇಲೆ ಪಂಪಣ್ಣನ ಮಾತು ನೆನಪಾಗಿ ಅವನ ಹತ್ತಿರವೇ ಪಂಪು ಹೊಡೆಸಿ, ವಾಲ್ವಿನ ಬಾಯಿಗೆ ಎಂಜಲು ಹಚ್ಚಿದೆ. ಬುಳು ಬುಳು ಗುಳ್ಳೆ. ಪಿನ್ನು ತೆಗೆದರೆ ರಬ್ಬರ್ ಚೂರು ಚೂರಾಗಿ ಕೈಗೆ ಬಂತು. ನನ್ನ ಹತ್ತಿರ ಆರು ಪ್ಯಾಚ್, ಟೈರು ಬಿಡಿಸೋ ಎರಡು ಲಿವರ್, ಸಲ್ಯೂಷನ್ ಎಲ್ಲ ಇದೆ, ವಾಲ್‌ಟ್ಯೂಬ್ ಮಾತ್ರ ಇಲ್ಲ. ಇಬ್ಬರೂ ಮಾತಾಡಿಕೊಂಡು ಅವನ ಊರಿನವರೆಗೆ ತಳ್ಳಿದೆವು.

ಅದು ಈಗ ಎಲ್ಲಿ ಸಿಗುತ್ತದೆ ಪಂಪಣ್ಣ? ಗೇರ್ ಸೈಕಲ್ ಶೋರೂಮಿನಲ್ಲಿ ಕೇಳಿದರೆ ಹುಡುಗ ನನ್ನ ಮುಖ ನೋಡಿದ.

ಹಳೇ ಪಂಪು · ಭಾನುವಾರ ಮಧ್ಯಾಹ್ನ 2:45

ಶೋರೂಮಿನಲ್ಲಿ ಕೇಳಿದರೆ ಇನ್ನೇನು ಮಾಡುತ್ತಾನೆ! ಸಂತೆ ಬೀದಿಯ ಹಳೇ ಸೈಕಲ್ ಅಂಗಡಿಗೆ ಹೋಗು. ಉದ್ದಕ್ಕೆ ಇರುತ್ತದೆ, ಕತ್ತರಿಸಿ ಕೊಡುತ್ತಾರೆ. ಒಂದು ಮೊಳ ತಗೊಂಡು ಪೌಡರ್ ಸವರಿ ಡಬ್ಬಿಯಲ್ಲಿಡು, ಬಿಸಿಲು ತಾಗಬಾರದು. ಹಾಕುವಾಗ ಪಿನ್ನಿಗೆ ಎಂಜಲು ಹಚ್ಚಿಕೊಂಡರೆ ಜಾರುತ್ತದೆ.

ಆ ಹುಡುಗನ ಊರಿಗೂ ಒಂದು ತುಂಡು ಕೊಟ್ಟು ಬಾ.